ಗಿಳಿ ಬೋರ್ಡಿಗಾಗಿ ಕೊಲಂಬೊಗೆ

ಕೊಲಂಬೊಗೆ ಹೋಗಿ ಬಂದವರೆಲ್ಲ ಬುದ್ಧನ ಗುಡಿಯ ಸುದ್ದಿ ಹೇಳುತ್ತಾರೆ, ಸಮುದ್ರದ ಸುದ್ದಿ ಹೇಳುತ್ತಾರೆ. ನಾನು ನೋಡಿ ಬಂದದ್ದು ಗೋಡೆಗಳನ್ನು. ಸಮುದ್ರ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ, ನಮ್ಮ ಮಂಗಳೂರಿನಲ್ಲೇ ಬೆಂಗ್ರೆಯ ದೋಣಿ ಹತ್ತಿದರೆ ಸಾಕು. ಗುಡಿಗೆ ಒಂದು ಸಂಜೆ ಹೋದೆ. ಒಳ್ಳೆಯ ಗುಡಿ. ಅಷ್ಟೇ.

ಗೋಡೆ ಯಾಕೆ ನೋಡಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗ ಸಂಜೀವನಿಗೆ ಎರಡು ಬಸ್ಸುಗಳಿವೆ. ಒಂದು ಓಡುತ್ತದೆ, ಇನ್ನೊಂದು ನಿಂತಲ್ಲೇ ನಿಂತು ಅದಕ್ಕೆ ಬಿಡಿಭಾಗ ಕೊಡುತ್ತದೆ. ಶೆಡ್ಡು ಉರ್ವದ ನಮ್ಮ ಮನೆಯ ಪಕ್ಕದಲ್ಲೇ. ಪೇಟೆಯಿಂದ ಹೊಸ ಸಾಮಾನು ಬಂದರೆ ಸಾಮಾನು ಅವನಿಗೆ, ಡಬ್ಬಿ ನನಗೆ. ವಾಲ್ವಿನ ಡಬ್ಬಿಯಲ್ಲಿ ಸಾಸಿವೆ, ಪ್ಲಗ್ಗಿನ ಡಬ್ಬಿಯಲ್ಲಿ ಮೆಂತೆ, ಪಂಕ್ಚರ್ ಪ್ಯಾಚಿನ ಡಬ್ಬಿಯಲ್ಲಿ ಇಂಗು. ಹೀಗೆ ಶುರುವಾಯಿತು. ಆಮೇಲೆ ಡಬ್ಬಿಯ ಮೇಲಿನ ಚಿತ್ರ ನೋಡುವ ಚಟ ಹಿಡಿಯಿತು.

ದೊಡ್ಡ ಕಂಪೆನಿಗಳದ್ದು ನನಗೆ ಬೇಡ. ಅವರ ಡಬ್ಬಿ ಎಲ್ಲರ ಮನೆಯಲ್ಲೂ ಇರುತ್ತದೆ, ಕೋಳಿಗೆ ನೀರಿಡುವುದೂ ಅದರಲ್ಲೇ. ನನಗೆ ಬೇಕಾದದ್ದು ಸಣ್ಣವರದ್ದು. ಯಾವನೋ ಒಬ್ಬ ಮನೆಯ ಹಿಂದಿನ ಚಾವಡಿಯಲ್ಲಿ ಕೂತು ದಿನಕ್ಕೆ ನಾಲ್ಕು ಫ್ಯಾನ್ ಬೆಲ್ಟ್ ಹೊಲಿಯುತ್ತಾನೆ. ಆದರೆ ಪೆಟ್ಟಿಗೆಯ ಮೇಲೆ ಎರಡು ಸಿಂಹ, ನಡುವೆ ಕಿರೀಟ. ಆ ಪೊಗರು ನನಗೆ ಇಷ್ಟ. ಎರಡು ವರ್ಷದಲ್ಲಿ ಅವನ ಅಂಗಡಿ ಮುಚ್ಚುತ್ತದೆ, ಸಿಂಹಗಳು ನನ್ನ ಅಡುಗೆಮನೆಯಲ್ಲಿ ಉಳಿಯುತ್ತವೆ. ಡಬ್ಬಿ, ಕ್ಯಾಲೆಂಡರು, ಗೋಡೆಗೆ ಹೊಡೆಯುವ ತಗಡು, ಬೀಡಿಯ ಬೂದಿ ಉದುರಿಸುವ ತಟ್ಟೆ, ಯಾವುದಾದರೂ ಸರಿ, ಬಿಡುವುದಿಲ್ಲ. ಕನ್ನಡ ದೊಡ್ಡದಾಗಿ ಬರೆದಿದ್ದರೆ ಓದುತ್ತೇನೆ, ಒತ್ತಕ್ಷರ ಬಂದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಂಗ್ಲಿಷು ಬಾರದು. ಆದ್ದರಿಂದ ನನಗೆ ಎಲ್ಲ ಕಂಪೆನಿಯೂ ಚಿತ್ರದ ಮೇಲೆಯೇ ಗುರುತು.

ಇವುಗಳಲ್ಲಿ ನನಗೆ ಮೇಲಾದದ್ದು ಒಂದು ಗಿಳಿ. ಬಸ್ಸಿನ ಹಾರನ್ನಿಗೆ ಕೈಯಲ್ಲಿ ಅಮುಕುವ ರಬ್ಬರಿನ ಉಂಡೆ ಇರುತ್ತದಲ್ಲ, ಅದರ ಕಾಗದದ ಪೆಟ್ಟಿಗೆಯ ಮೇಲೆ ಇತ್ತು. ಗಿಳಿ ಉಂಡೆಯ ಮೇಲೆ ಕೂತು ಬಾಯಿ ಅಗಲಿಸಿ ಕಿರುಚುತ್ತಿದೆ, ಹಾರನ್ ಕೂಗುವುದು ತನ್ನಿಂದಲೇ ಎಂಬ ಹಾಗೆ. ಕಳೆದ ಮಳೆಗಾಲದಲ್ಲಿ ಆ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ನಾನು ನೋಡುವಾಗ ಬಾಲ ಮಾತ್ರ ಉಳಿದಿತ್ತು. ಸಾಮಾನು ತರಿಸಿಕೊಟ್ಟ ಬಂದರಿನ ಅಬ್ಬು ಬ್ಯಾರಿಯನ್ನು ಕೇಳಿದೆ. ಅದು ಕೊಲಂಬೊದ ಒಬ್ಬ ಸಣ್ಣ ಮನುಷ್ಯನ ಕೆಲಸವೆಂದೂ, ಅವನ ಅಂಗಡಿಯ ಗೋಡೆಯಲ್ಲಿ ಅದೇ ಗಿಳಿ ಎರಡು ಮೊಳ ಎತ್ತರದ ತಗಡಿನಲ್ಲಿ ಉಂಟೆಂದೂ ಬ್ಯಾರಿ ಹೇಳಿದರು. ಅವರು ಹೇಳಬಾರದಿತ್ತು. ಆ ತಗಡು ನನ್ನ ಕಣ್ಣಿಗೆ ಕಟ್ಟಿಬಿಟ್ಟಿತು.

ರಬ್ಬರಿನ ಪೈಪು ನೇರವಾಗಿ ತರಲು ಸಂಜೀವ ಹೇಗೂ ಕೊಲಂಬೊಗೆ ಹೊರಟಿದ್ದ. ನಾನೂ ಬರುತ್ತೇನೆಂದೆ.

"ದೊಡ್ಡಮ್ಮ, ನೀವು ಅಲ್ಲಿ ಎಂತ ಮಾಡ್ತೀರಿ?" ಎಂದ.

"ತಗಡಿಗೆ ಗೆದ್ದಲು ಹಿಡಿಯುವುದಿಲ್ಲ" ಎಂದೆ. ಅವನು ಮತ್ತೆ ಕೇಳಲಿಲ್ಲ. ನಮ್ಮದು ಅಳಿಯಸಂತಾನದ ಮನೆ, ಹಿರಿಯ ಹೆಂಗಸಿನ ಹತ್ತಿರ ಎರಡನೆಯ ಸಲ ಕೇಳುವ ಪದ್ಧತಿ ಇಲ್ಲ.

ಮಂಡಪದ ಕ್ಯಾಂಪು

ರೈಲಿನಲ್ಲಿ ಎಂತ ಉಂಟು ಹೇಳಲಿಕ್ಕೆ. ಕೂತೆವು, ಬೆನ್ನು ನೋಯಿತು, ಇಳಿದೆವು, ಇನ್ನೊಂದು ರೈಲು ಹತ್ತಿದೆವು. ಕೇರಳ ಮುಗಿಯುವವರೆಗೆ ಕಿಟಕಿಯ ಹೊರಗೆ ನಮ್ಮ ಊರೇ ಓಡುತ್ತಿತ್ತು. ಆಮೇಲೆ ತೆಂಗು ಹೋಗಿ ತಾಳೆ ಬಂತು, ಮಣ್ಣು ಬೂದಿಯ ಬಣ್ಣಕ್ಕೆ ತಿರುಗಿತು.

ಸಿಲೋನಿಗೆ ಹೋಗುವ ನಮ್ಮಂಥ ಮೂರನೇ ಕ್ಲಾಸಿನವರನ್ನು ಮಂಡಪದ ಕ್ಯಾಂಪಿನಲ್ಲಿ ಕೆಲವು ದಿನ ಕೂರಿಸುತ್ತಾರೆ, ರೋಗ ಇದ್ದರೆ ಇಲ್ಲೇ ಹೊರಬೀಳಲಿ ಎಂದು. ಬಟ್ಟೆಯನ್ನೆಲ್ಲ ಕಟ್ಟಿ ಆವಿಯಲ್ಲಿ ಬೇಯಿಸಿ ಕೊಡುತ್ತಾರೆ. ನನ್ನ ಕೆಂಪು ಸೀರೆಯನ್ನೂ ಸಂಜೀವನ ಬಿಳಿ ಪಂಚೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ನಾನೇ. ಬೆಂದು ಬಂದಾಗ ಸೀರೆಯ ಬಣ್ಣ ಅರ್ಧ ಅವನಿಗೆ ಹೋಗಿತ್ತು. ಕೊಲಂಬೊದಲ್ಲಿ ವ್ಯಾಪಾರದ ಮಾತಾಡಬೇಕಾದವನು ಮದುಮಗನ ಹಾಗೆ ಗುಲಾಬಿ ಪಂಚೆ ಉಟ್ಟು ತಿರುಗಿದ.

ಅಲ್ಲಿ ಚಹಾ ತೋಟಕ್ಕೆ ಹೋಗುವ ತಮಿಳು ಹೆಂಗಸರು ತುಂಬ ಇದ್ದರು. ನನ್ನ ಚಾಪೆಯ ಪಕ್ಕದವಳು, ನೀವು ಯಾವ ತೋಟಕ್ಕೆ ಎಂದು ಕೇಳಿದಳು. ನಾನು ತೋಟಕ್ಕಲ್ಲ, ಒಂದು ಗೋಡೆಯ ತಗಡು ತರಲು ಹೋಗುತ್ತಿದ್ದೇನೆ ಎಂದು ನನ್ನ ಮಲಯಾಳದಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿ ಚಾಪೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡಳು. ಇಂಥ ರೋಗಕ್ಕೂ ಕ್ಯಾಂಪಿನಲ್ಲಿ ಪರೀಕ್ಷೆ ಇರಬೇಕಿತ್ತು ಎಂದುಕೊಂಡಿರಬೇಕು.

ಧನುಷ್ಕೋಡಿಯಿಂದ ಹಡಗು. ಎರಡು ಗಂಟೆಯ ಕಡಲು, ಆಚೆ ದಡದಲ್ಲಿ ಸುಂಕದವರು. ನಾನು ದಾರಿಯ ಬುತ್ತಿಯನ್ನು ಮನೆಯ ಡಬ್ಬಿಗಳಲ್ಲೇ ತಂದಿದ್ದೆ. ಸುಂಕದವನು ಡಬ್ಬಿಯ ಮೇಲಿನ ಪ್ಲಗ್ಗಿನ ಚಿತ್ರ ನೋಡಿದ, ವಾಲ್ವಿನ ಚಿತ್ರ ನೋಡಿದ, ಮೋಟಾರು ಸಾಮಾನು ಕದ್ದು ಸಾಗಿಸುತ್ತಿದ್ದೇವೆಂದು ತೀರ್ಮಾನಿಸಿದ. ತೆರೆ ಎಂದ. ಪ್ಲಗ್ಗಿನ ಡಬ್ಬಿಯಲ್ಲಿ ಒಣಸಿಗಡಿ ಚಟ್ನಿ, ವಾಲ್ವಿನ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ. ಅವನಿಗೆ ನಂಬಿಕೆ ಬರಲಿಲ್ಲ. ಚಟ್ನಿಯೊಳಗೆ ಪೆನ್ಸಿಲು ಹಾಕಿ ತಿರುಗಿಸಿದ. ಪ್ಲಗ್ಗು ಸಿಗಲಿಲ್ಲ. ಪೆನ್ಸಿಲನ್ನು ಒರೆಸಿಕೊಂಡು ಹೋಗಿ ಎಂದ. ಸಂಜೀವ ನನ್ನನ್ನು ಗುರುತಿಲ್ಲದವನ ಹಾಗೆ ದೂರ ನಿಂತಿದ್ದ, ಗುಲಾಬಿ ಪಂಚೆಯಲ್ಲಿ.

ಕೊಲಂಬೊ, ಮೊದಲ ದಿನ

ನಾವು ಇಳಿದದ್ದು ಕಣ್ಣೂರಿನ ಕಡೆಯ ಕುಂಞಿರಾಮನೆಂಬವನ ಹೋಟೆಲಿನ ಮಾಳಿಗೆಯಲ್ಲಿ. ಅವನು ಸಿಲೋನಿಗೆ ಬಂದು ತಲೆ ನರೆತಿದೆ, ಮಾತು ಮಾತ್ರ ಊರಿನದ್ದೇ. ಅವನ ಮಲಯಾಳ ನನಗೆ ಪೂರ್ತಿ ತಿಳಿಯುತ್ತದೆ, ನನ್ನದು ಅವನಿಗೆ ಮುಕ್ಕಾಲು.

ಅಲ್ಲಿನವರ ಅನ್ನ ಕೆಂಪು, ನಮ್ಮ ಕುಚ್ಚಲಕ್ಕಿಗೆ ತಂಗಿಯಾಗಬೇಕು. ತೆಂಗಿನಕಾಯಿ ಇಲ್ಲದೆ ಕೈ ತೊಳೆಯುವುದೂ ಇಲ್ಲ. ಆ ವಿಷಯದಲ್ಲಿ ಮನುಷ್ಯರು. ಆದರೆ ಚಹಾಕ್ಕೆ ಬೆಲ್ಲ ಹಾಕುವುದಿಲ್ಲ. ಬೆಲ್ಲದ ತುಂಡನ್ನು ಎಡಗೈಯಲ್ಲಿ ಹಿಡಿದು ಕಚ್ಚಿ, ಮೇಲಿಂದ ಕಪ್ಪು ಚಹಾ ಕುಡಿಯುತ್ತಾರೆ. ಮನೆಗೆ ಬಂದವರಿಗೆ ನಾವು ಬೆಲ್ಲ ನೀರು ಕೊಡುವುದಿಲ್ಲವೇ, ಹಾಗೆ, ನೀರಿನ ಬದಲು ಚಹಾ. ವಯಸ್ಸಾದ ಗಂಡಸರು ಜುಟ್ಟು ಕಟ್ಟಿ, ತಲೆಗೆ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಗಂಭೀರವಾಗಿ ಹೋಗುತ್ತಾರೆ. ಮೊದಲು ನಗು ಬಂತು. ಆಮೇಲೆ ನಮ್ಮ ಊರಿನ ವಕೀಲರು ತಲೆಗೆ ಸುತ್ತುವುದು ನೆನಪಾಗಿ ಸುಮ್ಮನಾದೆ.

ನನಗೆ ಕಷ್ಟವಾದದ್ದು ಇನ್ನೊಂದು. ಅಲ್ಲಿ ವಯಸ್ಸಾದ ಹೆಂಗಸರನ್ನು "ಅಮ್ಮೇ" ಎಂದು ಕರೆಯುತ್ತಾರೆ. ತುಳುವಿನಲ್ಲಿ ಅಮ್ಮೆ ಎಂದರೆ ಅಪ್ಪ. ಮೀನು ಮಾರುವವಳಿಂದ ರಿಕ್ಷಾ ಎಳೆಯುವವನವರೆಗೆ ಎಲ್ಲರೂ ನನ್ನನ್ನು ಅಪ್ಪ ಅಪ್ಪ ಎಂದು ಕರೆಯುತ್ತಿದ್ದರು. ಎರಡು ದಿನದಲ್ಲಿ ಅಭ್ಯಾಸವಾಯಿತು.

ಸಂಜೀವ ಪೈಪಿನ ವ್ಯಾಪಾರಕ್ಕೆ ಹೋದ, ನಾನು ಗೋಡೆಗಳನ್ನು ನೋಡುತ್ತ ನಡೆದೆ. ನಮ್ಮ ಹಂಪನಕಟ್ಟೆಯಲ್ಲಿ ಒಂದು ಗೋಡೆಗೆ ಒಂದು ತಗಡು ಇದ್ದರೆ ಇಲ್ಲಿ ಹತ್ತು. ಬ್ರೇಕಿನವರು, ಬ್ಯಾಟರಿಯವರು, ಸ್ಪ್ರಿಂಗಿನವರು. ಆನೆ, ನವಿಲು, ಕೊಡಲಿ ಹಿಡಿದ ಕೈ. ತಗಡೋ ಪಿಂಗಾಣಿಯೋ ಎಂದು ತಿಳಿಯಲು ನಾನು ಉಗುರಿನಿಂದ ಕುಟ್ಟಿ ನೋಡುತ್ತಿದ್ದೆ. ಒಬ್ಬ ಪೊಲೀಸಿನವನು ಮೂರು ಗೋಡೆಗಳವರೆಗೆ ನನ್ನ ಹಿಂದೆ ಬಂದ. ನಾಲ್ಕನೆಯದರಲ್ಲಿ ಅವನೂ ಕುಟ್ಟಿ ನೋಡಿದ.

ಒಂದು ದೊಡ್ಡ ಅಂಗಡಿಯ ಗುಮಾಸ್ತ ನನ್ನ ಆಸೆ ತಿಳಿದು ಹೊಚ್ಚ ಹೊಸ ಕ್ಯಾಲೆಂಡರು ತಂದುಕೊಟ್ಟ. ಬಿಳಿ ಹೆಂಗಸೊಬ್ಬಳು ಟಯರಿನ ಮೇಲೆ ಕೂತು ನಗುತ್ತಿದ್ದಳು. ಬೇಡವೆಂದು ಹಿಂದೆ ಕೊಟ್ಟೆ. ಟಯರಿನ ಮೇಲೆ ಕೂತವರು ಯಾರೂ ನಗುವುದಿಲ್ಲ, ನಾನು ಕೂತಿದ್ದೇನೆ.

ಗಿಳಿಯ ಅಂಗಡಿ

ಎರಡನೆಯ ದಿನ ಸಿಕ್ಕಿತು. ಒಂದು ಗಲ್ಲಿಯ ಕೊನೆ. ಹಂಚಿನ ಮಾಡು, ಮುಂದೆ ಗೋಡೆ, ಗೋಡೆಯಲ್ಲಿ ಗಿಳಿ. ಅಬ್ಬು ಬ್ಯಾರಿ ಸುಳ್ಳು ಹೇಳಿರಲಿಲ್ಲ. ಎರಡು ಮೊಳ ಎತ್ತರ, ಕೈಯಲ್ಲಿ ಬರೆದದ್ದು, ಹಸುರು ಬಣ್ಣ ಮಾಸಿ ಬಾಳೆಯ ಸುಳಿಯ ಹಾಗಾಗಿತ್ತು. ಕೆಳಗೆ ಅವರ ಅಕ್ಷರ, ನೀರುಳ್ಳಿಯನ್ನು ದುಂಡಗೆ ಕೊಯ್ದು ಸಾಲಾಗಿ ಇಟ್ಟ ಹಾಗೆ. ಪೆಟ್ಟಿಗೆಯ ಮೇಲೆ ಕಾಣದ ಒಂದು ವಿಷಯ ಇಲ್ಲಿ ಕಂಡಿತು. ಗಿಳಿಯ ಕಣ್ಣಿನಲ್ಲಿ ಸಿಟ್ಟಿತ್ತು. ನನಗೆ ಇದು ಬೇಕೇ ಬೇಕು ಎಂದು ಅಲ್ಲಿಯೇ ನಿಶ್ಚಯವಾಯಿತು.

ಅಂಗಡಿಯವನ ಹೆಸರು ಪಿಯದಾಸ. ನಲ್ವತ್ತರ ಪ್ರಾಯ, ತಲೆಯಲ್ಲಿ ಬಾಚಣಿಗೆ, ಮೈಯೆಲ್ಲ ಗಂಧಕದ ವಾಸನೆ. ಅವನೂ ಅವನ ಹೆಂಡತಿ ಸೋಮಾವತಿಯೂ ಇಬ್ಬರೇ ಕೆಲಸ. ರಬ್ಬರಿನ ಹಾಳೆ ಕೊಯ್ದು, ಅಂಚು ಕೂಡಿಸಿ, ಅಚ್ಚಿನಲ್ಲಿಟ್ಟು ದೊಡ್ಡ ಹಂಡೆಯಲ್ಲಿ ಆವಿಗೆ ಇಡುತ್ತಾರೆ. ನಾವು ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಮೂಡೆ ಬೇಯಿಸುವ ಹಾಗೆಯೇ. ಮುಚ್ಚಳ ತೆಗೆದರೆ ಸಾಲಾಗಿ ಹಾರನ್ನಿನ ಉಂಡೆಗಳು ಬೆಂದು ಕೂತಿರುತ್ತವೆ. ತಿನ್ನುವ ಹಾಗಿಲ್ಲ, ಅದೊಂದೇ ದೋಷ.

ಸಂಜೀವ ಒಳಗೆ ಪೈಪು ಎಳೆದು ನೋಡುತ್ತಿದ್ದ. ನಾನು ಪಿಯದಾಸನನ್ನು ಹೊರಗೆ ಕರೆದು ಗಿಳಿಯನ್ನು ತೋರಿಸಿದೆ, ಆಮೇಲೆ ನನ್ನ ಎದೆಯನ್ನು ತೋರಿಸಿದೆ, ಆಮೇಲೆ ಕಡಲಿನ ದಿಕ್ಕು ತೋರಿಸಿದೆ. ಮಲಯಾಳ, ತಮಿಳು ಎರಡನ್ನೂ ಕಲಸಿ, ಇದನ್ನು ನನಗೆ ಕೊಡು, ನಾನು ಮಂಗಳೂರಿಗೆ ಒಯ್ಯುತ್ತೇನೆ, ನನ್ನ ಚಾವಡಿಯಲ್ಲಿ ಇದಕ್ಕೆ ಜಾಗ ಉಂಟು ಎಂದೆ. ಅವನು ನಕ್ಕ, ತಲೆಯನ್ನು ಆ ಕಡೆ ಈ ಕಡೆ ಬಾಗಿಸಿದ. ಒಳಗೆ ಹೋಗಿ ಹೆಂಡತಿಗೆ ಎಂತದೋ ಹೇಳಿದ. ಅವಳು ಒಂದು ಕಟ್ಟು ವೀಳ್ಯದೆಲೆ ತಂದಳು. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ನನಗೆ ಕೊಟ್ಟ.

ನಾನು ಎರಡು ಕೈಯಲ್ಲಿ ತೆಗೆದುಕೊಂಡೆ. ಮುಗಿಯಿತು.

ನಮ್ಮಲ್ಲಿ ಎಲೆ ಕೈಗೆ ಬಂತೆಂದರೆ ಮಾತು ಮುಗಿದ ಹಾಗೆ. ಹೆಣ್ಣು ಕೊಡುವಾಗ ಅದೇ, ಗದ್ದೆ ಗೇಣಿಗೆ ಕೊಡುವಾಗ ಅದೇ, ಭೂತದ ಕೋಲ ಕಟ್ಟುವವನಿಗೆ ದಿನ ಹೇಳುವಾಗಲೂ ಅದೇ. ಕಾಗದ ಬರೆದರೆ ಅಳಿಸಬಹುದು, ವೀಳ್ಯ ಕೊಟ್ಟವನು ಹಿಂದೆ ಹೋಗುವ ಹಾಗಿಲ್ಲ. ಹೊರಗೆ ಬಂದ ಸಂಜೀವ, ಅವ ಕೊಡ್ತೇನೆಂದು ಹೇಳಿದನಾ ಎಂದು ಕೇಳಿದ.

"ಹೇಳಲಿಲ್ಲ. ವೀಳ್ಯ ಕೊಟ್ಟ."

"ಹಾಗಾದರೆ ಆಯ್ತಲ್ಲ" ಎಂದ ಅವನೂ. ಅವನೂ ನಮ್ಮ ಮನೆಯಲ್ಲೇ ಹುಟ್ಟಿದವನು.

ಮೂರನೆಯ ದಿನ

ಬೆಳಗ್ಗೆ ಸ್ಕ್ರೂಡ್ರೈವರ್, ಹಗ್ಗ, ಗೋಣಿ ತೆಗೆದುಕೊಂಡು ಹೋದೆವು. ಸಂಜೀವ ಎಟಕಿಸಲು ನೋಡಿದ, ಕೈ ಸಾಲಲಿಲ್ಲ. ಪಿಯದಾಸ ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ಒಳಗಿನಿಂದ ಏಣಿ ತಂದುಕೊಟ್ಟ. ಏಣಿಯನ್ನು ತಾನೇ ಹಿಡಿದುಕೊಂಡ. ಇಂಥ ದೊಡ್ಡ ಮನಸ್ಸಿನವನನ್ನು ನಾನು ನೋಡಿಲ್ಲ ಎಂದು ಸಂಜೀವನಿಗೆ ಹೇಳಿದೆ.

ಮೊಳೆಗಳು ತುಕ್ಕು ಹಿಡಿದು ಅಳುತ್ತ ಹೊರಬಂದವು. ತಗಡು ಇಳಿಯಿತು. ಅದರ ಹಿಂದೆ ಗೋಡೆ ಹೊಸ ಸುಣ್ಣದ ಹಾಗೆ ಬೆಳ್ಳಗಿತ್ತು. ಸೋಮಾವತಿ ಬಾಗಿಲಿಗೆ ಬಂದು ಆ ಬಿಳಿಯನ್ನು ನೋಡಿದಳು, ಒಳಗೆ ಹೋದಳು. ಹಿಂದಿನ ದಿನ ಎರಡು ಸಲ ಚಹಾ ಕೊಟ್ಟವಳು ಆ ದಿನ ಕೊಡಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ನಾನು ಗಿಳಿಯನ್ನು ಗೋಣಿಯಲ್ಲಿ ಸುತ್ತುವುದರಲ್ಲಿದ್ದೆ.

ಹೋಟೆಲಿನಲ್ಲಿ ಕುಂಞಿರಾಮ ಬೋರ್ಡು ನೋಡಿ, ಇದು ಹೇಗೆ ಸಿಕ್ಕಿತೆಂದು ಕೇಳಿದ. ವೀಳ್ಯದ ಕಥೆ ಹೇಳಿದೆ. ಅವನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ನಗುತ್ತ ನಗುತ್ತ ಅಕ್ಕಿಮೂಟೆಯ ಮೇಲೆ ಕೂತ.

"ಅಮ್ಮ, ಇಲ್ಲಿ ಮನೆಗೆ ಹಿರಿಯರು ಬಂದರೆ ಎಲೆ ಕೊಡ್ತಾರೆ. ನಿಮ್ಮ ತಲೆ ನರೆತಿದೆ, ಅದಕ್ಕೆ ಕೊಟ್ಟದ್ದು. ಬೇರೆ ಎಂತದೂ ಇಲ್ಲ."

"ಮತ್ತೆ ಏಣಿ ಯಾಕೆ ತಂದ?"

"ಮುದುಕಿ ಕಡಲು ದಾಟಿ ಬಂದು ಗೋಡೆಗೆ ಕೈ ಹಾಕಿದರೆ ಅವ ಎಂತ ಮಾಡ್ಬೇಕು? ನೀವು ಬೀಳಬಾರದಲ್ಲ."

ಸಂಜೀವ ನಗಲಿಲ್ಲ. ನಾನೂ ನಗಲಿಲ್ಲ. ಊಟ ಬಿಡಲಿಲ್ಲ, ಊಟ ಬಿಟ್ಟರೆ ತಪ್ಪು ಕಡಿಮೆಯಾಗುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಇಟ್ಟುಕೊಂಡರೆ ಎಂತ ಎಂದೂ ಯೋಚಿಸಿದೆ. ಗಿಳಿ ಗೋಡೆಗೆ ಒರಗಿ ನಿಂತಿತ್ತು. ಮೂರು ದಿನ ಕಳೆದರೆ ನಾವು ರೈಲಿನಲ್ಲಿರುತ್ತೇವೆ, ಅವನು ಕೇಳುವವನಲ್ಲ. ಕೇಳುವವನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ, ಜಗಳವಾಡಿ. ಕೇಳದವನದ್ದನ್ನು ಹೇಗೆ ಇಟ್ಟುಕೊಳ್ಳುವುದು?

ನಾಲ್ಕನೆಯ ದಿನ

ಕೊಟ್ಟ ಮಾತನ್ನು ಬಿಡಿಸಬೇಕಾದರೆ ನಮ್ಮಲ್ಲಿ ಒಂದೇ ದಾರಿ. ಹೇಗೆ ವೀಳ್ಯ ತೆಗೆದುಕೊಂಡೆವೋ ಹಾಗೆಯೇ ಹಿಂದೆ ಕೊಡಬೇಕು, ಎರಡು ಕೈಯಲ್ಲಿ. ಪೇಟೆಯಲ್ಲಿ ಒಳ್ಳೆಯ ಎಲೆಯ ಕಟ್ಟು ಕೊಂಡೆ. ಕುಂಞಿರಾಮನನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವನು ಮತ್ತೆ ಅಕ್ಕಿಮೂಟೆಯ ಮೇಲೆ ಕೂರುವುದು ನನಗೆ ಬೇಕಿರಲಿಲ್ಲ.

ಕೈರಿಕ್ಷಾದಲ್ಲಿ ಬೋರ್ಡನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಕೂತೆ, ಗಿಳಿಯ ಮುಖ ಹೊರಗೆ. ಸಂಜೀವ ಪಕ್ಕದಲ್ಲಿ ನಡೆದ. ಸ್ವಲ್ಪ ದೂರ ಹೋಗುವಾಗ ನಮ್ಮ ಹಿಂದೆ ಒಂದು ಬಸ್ಸು ಬಂತು. ದಾರಿ ಬಿಟ್ಟರೂ ಮುಂದೆ ಹೋಗಲಿಲ್ಲ. ನಾವು ತಿರುಗಿದಲ್ಲಿ ತಿರುಗಿತು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು ಕೂಗುತ್ತಿದ್ದ. ಅವರ ಹಾರನ್ನಿನ ಉಂಡೆ ಒಡೆದಿತ್ತು. ಹಿಂದಿನ ದಿನ ಗಿಳಿ ಕಾಣದೆ ಆ ಗಲ್ಲಿಯಲ್ಲಿ ಎರಡು ಸಲ ಹೋಗಿ ಬಂದಿದ್ದರಂತೆ. ಈಗ ಗಿಳಿ ಬೀದಿಯಲ್ಲಿ ಹೋಗುವುದನ್ನು ಕಂಡು, ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ಅಂಗಡಿ ಎಂದು ಪ್ರಯಾಣಿಕರ ಸಮೇತ ಹಿಂಬಾಲಿಸಿದರು. ಪ್ರಯಾಣಿಕರು ಯಾರೂ ಆಕ್ಷೇಪ ಮಾಡಿದ ಹಾಗೆ ಕಾಣಲಿಲ್ಲ. ನಮ್ಮಲ್ಲಾಗಿದ್ದರೆ ಬಿಜೈ ದಾಟುವ ಮೊದಲೇ ನಾಲ್ಕು ಜನ ಇಳಿದು ಬೈಯುತ್ತಿದ್ದರು.

ಅಂಗಡಿಯ ಮುಂದೆ ಇಳಿದು ಬೋರ್ಡನ್ನು ಗೋಡೆಗೆ ಒರಗಿಸಿದೆ. ಪಿಯದಾಸ ಹೊರಗೆ ಬಂದ. ನಾನು ಎಲೆಯ ಕಟ್ಟನ್ನು ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ಅವನಿಗೆ ಚಾಚಿದೆ.

ಅವನು ಹಾವು ಕಂಡವನ ಹಾಗೆ ಹಿಂದೆ ಸರಿದ. ಸೋಮಾವತಿ ಬಾಯಿಗೆ ಕೈ ಇಟ್ಟಳು. ಬಸ್ಸಿನವರೆಲ್ಲ ಒಂದೇ ಬದಿಗೆ ಬಂದು ಇಣುಕಿದರು, ಬಸ್ಸು ವಾಲಿತು. ಅಲ್ಲಿ ಕಿರಿಯರು ಹಿರಿಯರಿಗೆ ಎಲೆ ಕೊಟ್ಟು ಬಗ್ಗುತ್ತಾರೆ. ಹಿರಿಯ ಹೆಂಗಸು ಕಿರಿಯನಿಗೆ ಬಗ್ಗಿ ಎಲೆ ಕೊಟ್ಟರೆ, ಇನ್ನು ನನಗೆ ದಿಕ್ಕಿಲ್ಲ, ನೀನೇ ನಡೆಸಿಕೊಡಬೇಕು ಎಂದು ಬೇಡಿದ ಹಾಗಂತೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಪಿಯದಾಸ ಎಲೆಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ, ಬೋರ್ಡನ್ನು ಎತ್ತಿ ತಂದು ನನ್ನ ಕೈಯಲ್ಲಿ ಇಟ್ಟ. ಮೊನ್ನೆ ಕೊಡದೇ ಹೋದದ್ದನ್ನು ಈ ಸಲ ನಿಜವಾಗಿಯೂ ಕೊಟ್ಟ.

ನಾನು ಹಿಂದೆ ತಳ್ಳಿದೆ. ಅವನು ಮುಂದೆ ತಳ್ಳಿದ. ಸಂಜೀವ ನಡುವೆ ಬಂದು ತಮಿಳಿನಲ್ಲಿ ವಿವರಿಸಲು ಹೊರಟ. ಅವನ ತಮಿಳು ತಿರುಚಿಯ ಒಬ್ಬ ಮೆಕ್ಯಾನಿಕ್ಕಿನಿಂದ ಕಲಿತದ್ದು, ಅದರಲ್ಲಿ ಸ್ಪ್ಯಾನರಿನ ನಂಬರು ಮತ್ತು ಬೈಗುಳ ಮಾತ್ರ ಇವೆ. ಪಿಯದಾಸನ ಮುಖ ಇನ್ನೂ ಕಪ್ಪಾಯಿತು. ಕೊನೆಗೆ ಸೋಮಾವತಿ ಬಂದು ಬೋರ್ಡನ್ನು ಇಬ್ಬರ ಕೈಯಿಂದಲೂ ಕಿತ್ತುಕೊಂಡಳು. ಅವಳ ತಮಿಳು ಗಂಡನದ್ದಕ್ಕಿಂತ ಚೆನ್ನಾಗಿತ್ತು. ನನ್ನ ಮುಖಕ್ಕೇ ಕೇಳಿದಳು:

"ನಿಮಗೆ ಇದು ಬೇಕಾ, ಬೇಡವಾ?"

"ಬೇಕು" ಎಂದೆ. "ಆದರೆ ಕೊಡಬೇಡ."

ಅವಳು ನನ್ನನ್ನು ಚೆನ್ನಾಗಿ ನೋಡಿದಳು. ಬಸ್ಸಿನವರನ್ನು ಕಾಯಲು ಹೇಳಿ, ನನ್ನನ್ನು ಒಳಗೆ ಕರೆದು ಹಂಡೆಯ ಪಕ್ಕ ಕೂರಿಸಿ ಚಹಾ ಕೊಟ್ಟಳು. ಆ ಗಿಳಿಯನ್ನು ಬರೆದದ್ದು ಅವಳೇ. ಮದುವೆಯಾಗಿ ಬಂದ ವರ್ಷ, ತವರಿನಲ್ಲಿ ಬಿಟ್ಟು ಬಂದ ಗಿಳಿಯನ್ನು ನೆನಪಿನಿಂದ ಬರೆದದ್ದಂತೆ. ಅದು ಕಚ್ಚುವ ಗಿಳಿ, ಆದ್ದರಿಂದಲೇ ಕಣ್ಣಿನಲ್ಲಿ ಸಿಟ್ಟು. ಈಗ ಅವಳಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಇನ್ನೊಂದು ಬರೆಯಲಾರಳು. ಬರುವ ಡ್ರೈವರುಗಳಲ್ಲಿ ಓದು ಬಂದವರು ಯಾರು? ಗಿಳಿ ಇದ್ದರೆ ಅಂಗಡಿ ಉಂಟು, ಇಲ್ಲದಿದ್ದರೆ ಇಲ್ಲ. ನಿನ್ನೆ ಒಬ್ಬನೂ ಒಳಗೆ ಬರಲಿಲ್ಲ ಎಂದಳು.

ಅಕ್ಷರ ಬಾರದವರ ಕಷ್ಟ ನನಗೆ ಹೇಳಿ ಕೊಡಬೇಕಾಗಿಲ್ಲ. ನಾನು ಕಿತ್ತು ತಂದದ್ದು ಅವಳ ಬಾಗಿಲನ್ನೇ.

"ನಿನ್ನ ಗಂಡ ಬರೆಯುವುದಿಲ್ಲವಾ?" ಎಂದು ಕೇಳಿದೆ.

"ಅವರು ಬರೆದರೆ ಗಿಳಿ ಆಗುವುದಿಲ್ಲ."

"ಎಂತ ಆಗ್ತದೋ ಆಗಲಿ. ನನಗೆ ಒಂದು ಬರೆದುಕೊಡಲಿ. ಇದು ಗೋಡೆಗೆ ಹೋಗಲಿ."

ಆ ಒಪ್ಪಂದವನ್ನು ಬೆಲ್ಲ ಕಚ್ಚಿ ಚಹಾ ಕುಡಿದು ಮುಗಿಸಿದೆವು. ಎಲೆಯ ಕಟ್ಟು ಮಣೆಯ ಮೇಲೆಯೇ ಇತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಐದನೆಯ ದಿನ, ಆರನೆಯ ದಿನ

ಪಿಯದಾಸ ಹಂಡೆಯ ಕೆಲಸ ಬಿಟ್ಟು ಒಂದು ಹಳೆಯ ಮಡ್‌ಗಾರ್ಡಿನ ತಗಡನ್ನು ತಟ್ಟಿ ನೇರ ಮಾಡಿ, ದಿನವಿಡೀ ಬರೆದ. ಗಿಳಿಯನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ಬರೆದ. ಹಸುರು ಸಾಲದೆ ಕಪ್ಪು ಬೆರೆಸಿದ. ಕೊಕ್ಕು ಉದ್ದವಾಯಿತು, ಅದನ್ನು ಸರಿಮಾಡಲು ತಲೆ ದೊಡ್ಡ ಮಾಡಿದ. ಸಂಜೆಗೆ ಹಾರನ್ನಿನ ಉಂಡೆಯ ಮೇಲೆ ಒಂದು ಕಾಗೆ ಕೂತಿತ್ತು. ಬರೀ ಕಾಗೆಯಲ್ಲ, ಮಳೆಯಲ್ಲಿ ನೆನೆದ ಕಾಗೆ. ಸೋಮಾವತಿ ನೋಡಿ ಹೊರಗೆ ಹೋದಳು. ಅವಳು ನಗುವುದು ಗೋಡೆಯ ಆಚೆಯಿಂದ ಕೇಳಿತು.

ಪಿಯದಾಸ ನನ್ನ ಮುಖ ನೋಡುತ್ತಿದ್ದ. ನಾನು ಬಣ್ಣ ಮುಟ್ಟದ ಹಾಗೆ ಅಂಚನ್ನು ಉಗುರಿನಿಂದ ಕುಟ್ಟಿ ನೋಡಿದೆ. ಗಟ್ಟಿ ತಗಡು. ಒಳ್ಳೆಯದಾಗಿದೆ ಎಂದೆ. ಸುಳ್ಳಲ್ಲ. ದಿನಕ್ಕೆ ಹತ್ತು ಉಂಡೆ ಬೇಯಿಸುವವನು ಇಂಥ ಹಕ್ಕಿಯನ್ನು ಬರೆದು ಕೆಳಗೆ ತನ್ನ ಹೆಸರು ಹಾಕುತ್ತಾನಲ್ಲ, ನಾನು ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಇದೇ ಜಾತಿಯದ್ದು.

ಒಂದು ಹಟ ಮಾತ್ರ ಮಾಡಿದೆ. ಗೋಡೆಗೆ ತೂಗದ ತಗಡು ಬೋರ್ಡಲ್ಲ, ಬರೀ ತಗಡು. ಒಂದು ದಿನವಾದರೂ ಅದು ಅಂಗಡಿಯಲ್ಲಿ ನಿಂತು ಕೆಲಸ ಮಾಡಬೇಕು ಎಂದೆ. ಬಣ್ಣ ಒಣಗಿದ ಮೇಲೆ, ಮರುದಿನ ಬೆಳಗ್ಗೆ ಗಿಳಿ ತನ್ನ ಬಿಳಿ ಜಾಗಕ್ಕೆ ಹೋಯಿತು, ಕಾಗೆ ಬಾಗಿಲಿನ ಆಚೆ ಬದಿಗೆ. ನಾನು ಎದುರಿನ ಕಟ್ಟೆಯಲ್ಲಿ ಕೂತು ಸಂಜೆಯವರೆಗೆ ನೋಡಿದೆ. ಡ್ರೈವರುಗಳು ಬಂದು ನಿಂತು, ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಬಗ್ಗಿ ನಗುತ್ತಿದ್ದರು. ಒಬ್ಬ ಲಾರಿಯವನು ಮುಂದೆ ಹೋದವನು ಲಾರಿಯನ್ನು ಹಿಂದೆ ತಂದು ಮತ್ತೆ ನೋಡಿದ. ಇನ್ನೊಬ್ಬ, ಗಿಳಿಯ ಉಂಡೆಯೋ ಕಾಗೆಯ ಉಂಡೆಯೋ ಯಾವುದು ಹೆಚ್ಚು ಕಾಲ ಬರುತ್ತದೆಂದು ವಿಚಾರಿಸಿದನಂತೆ. ಪಿಯದಾಸನ ಕಿವಿ ಕೆಂಪಾಗಿತ್ತು, ಕೈಗೆ ಬಿಡುವಿರಲಿಲ್ಲ.

ಸಂಜೆ ಕಾಗೆಯನ್ನು ಇಳಿಸಿ ಗೋಣಿಯಲ್ಲಿ ಕಟ್ಟಿದೆವು. ಈ ಸಲ ಏಣಿ ಹತ್ತಿದ್ದು ಪಿಯದಾಸ, ಹಿಡಿದದ್ದು ಸಂಜೀವ.

ಮಂಗಳೂರು

ಕಾಗೆ ಈಗ ನಮ್ಮ ಚಾವಡಿಯಲ್ಲಿದೆ. ನೋಡಲು ಬಂದವರು ಎಷ್ಟು ಹಳೆಯದು ಎಂದು ಕೇಳುತ್ತಾರೆ. ಒಂದು ದಿನ ಹಳೆಯದು ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ, ನನಗೆ ಆಗಿದೆ.

ಮೊನ್ನೆ ಕುಂಞಿರಾಮನ ಕಾಗದ ಬಂತು. ಮಲಯಾಳದಲ್ಲಿತ್ತು, ಅಬ್ಬು ಬ್ಯಾರಿ ಓದಿ ಹೇಳಿದರು. ಕಾಗೆ ಎಲ್ಲಿಗೆ ಹೋಯಿತೆಂದು ಡ್ರೈವರುಗಳು ದಿನಾ ಕೇಳುತ್ತಾರಂತೆ. ನೋಡಿದವರು ಹೇಳಿ, ನೋಡದವರೂ ಬಂದು ಕೇಳುತ್ತಾರಂತೆ. ಪಿಯದಾಸ ಇನ್ನೊಂದು ಬರೆಯಲು ಕೂತ. ಆದರೆ ಒಂದು ಸಲ ಬರೆದು ಕೈ ಪಳಗಿದೆಯಲ್ಲ, ಈಗ ಎಷ್ಟು ಬರೆದರೂ ಅದು ಗಿಳಿಯೇ ಆಗುತ್ತದಂತೆ. ಆದ್ದರಿಂದ ಹಳೆಯ ಗಿಳಿಯನ್ನು ನಿಮಗೆ ಕಳುಹಿಸುತ್ತೇವೆ, ಗೋಡೆಗೆ ಹೊಸ ಗಿಳಿ ಸಾಕು, ಸೋಮಾವತಿಯೂ ಒಪ್ಪಿದ್ದಾಳೆ, ದಯಮಾಡಿ ಕಾಗೆಯನ್ನು ಹಿಂದೆ ಕೊಡುತ್ತೀರಾ ಎಂದು ಗಂಡಹೆಂಡತಿ ಇಬ್ಬರೂ ಬರೆಸಿದ್ದಾರೆ.

"ಎಂತ ಬರೆಯಲಿ, ದೂಮಕ್ಕ? ಗಿಳಿಯೇ ಬರ್ತದಲ್ಲ, ನಿಮಗೆ ಬೇಕಾದದ್ದು" ಎಂದರು ಬ್ಯಾರಿ.

ಕಾಗೆಯನ್ನು ಕೊಡುವುದಿಲ್ಲವೆಂದು ಬರೆಯಿರಿ ಎಂದೆ. ಗಿಳಿ ಸೋಮಾವತಿಯ ಗೋಡೆಯಲ್ಲಿರಲಿ. ಎಲೆಯ ಕಟ್ಟು ಕಳುಹಿಸುವ ಯೋಚನೆಯಿದ್ದರೆ ಅದೂ ಬೇಡ, ಅಂಚೆಯವನ ಕೈಯಿಂದ ನಾನು ತೆಗೆದುಕೊಳ್ಳುವುದೇ ಇಲ್ಲ.